ಕೆಂಚನೂ ಏಳು ಕೆಂಪು ಮೀನುಗಳೂ

ಬಹುಕಾಲದ ಹಿಂದೆ, ಮಾಯಾವಿಗಳಿಗೂ ರಾಜಸಭೆಯಲ್ಲಿ ಮಣೆ ಹಾಕುತ್ತಿದ್ದ ಕಾಲದಲ್ಲಿ, ಸ್ಫಟಿಕಾವತಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಮನೆಮನೆಗೂ ಒಂದು ಗಾಜಿನ ತೊಟ್ಟಿ. ಜನ ಗಿಣಿ ಸಾಕಿದ ಹಾಗೆ ಮೀನು ಸಾಕುತ್ತಿದ್ದರು. ತೊಂದರೆ ಒಂದೇ: ಸಾಧುವಾದ ಹಣ್ಣುಮೀನು, ಬೆರಳು ಕತ್ತರಿಸುವ ಗರಗಸಮೀನು, ಎರಡೂ ನೋಡೋಕೆ ಅವಳಿಜವಳಿ. ಅದೇ ದುಂಡು ಮೈ, ಅದೇ ಕೆಂಪು ಹೊಟ್ಟೆ.

ಹೊಳೆದಂಡೆಯ ಕೆಂಚನಿಗೆ ಮಾತ್ರ ಮೀನಿನ ಗುರುತು ತಪ್ಪೋದೇ ಇಲ್ಲ ಅಂತ ಊರೆಲ್ಲ ಹೇಳುತ್ತಿತ್ತು. ಊರಿಗಿಂತ ಜೋರಾಗಿ ಕೆಂಚನೇ ಹೇಳುತ್ತಿದ್ದ. ಕೊನೆಗೆ ರಾಜ ಕರೆಸಿದ. ಕೆಂಪು ಸೀರೆಯುಟ್ಟ ಅಕ್ಕ ಹೊಂಬಾಳೆಯ ತಲೆಗೆ ಬುಟ್ಟಿ ಹೊರಿಸಿ, ತಾನು ಮೀಸೆ ತಿರುವುತ್ತ ಕೆಂಚ ಸಭೆಗೆ ಹೋದ.

"ಬಣ್ಣ ನೋಡಿದ್ರೆ ಸಾಕು ಮಾಸ್ವಾಮಿ, ಮೀನಿನ ಮುತ್ತಾತನ ಹೆಸರೂ ಹೇಳ್ತೀನಿ!"

ಗರಗಸಮೀನುಗಳನ್ನು ಹಣ್ಣುಮೀನೆಂದು ಮನೆಮನೆಗೆ ಹಂಚುತ್ತಿದ್ದ ಮಾಯಾವಿ ಕರಾಳಾಕ್ಷ ಅಲ್ಲೇ ಕೂತಿದ್ದ. "ಹೌದೇನಪ್ಪ ಜಾಣ?" ಅಂತ ಬೆತ್ತ ಬೀಸಿದ. ಹೊಂಬಾಳೆ ಹಣ್ಣುಮೀನಾಗಿ, ಆರು ಗರಗಸಮೀನುಗಳಿದ್ದ ತೊಟ್ಟಿಗೆ ಬಿದ್ದಳು.

"ಮೂರು ಸಲ ಕೈ ಹಾಕು. ಅಲ್ಲಿವರೆಗೆ ಅವು ಅವಳನ್ನ ಮುಟ್ಟಲ್ಲ. ಅಕ್ಕನ್ನ ಹಿಡಿದೆಯೋ, ನನ್ನ ಮಾಯೆ ನನಗೇ ತಿರುಗುತ್ತೆ. ಮೂರನೇದೂ ತಪ್ಪಿತೋ, ಅವಳು ಅವುಗಳ ಊಟ."

"ಅಕ್ಕ ಉಟ್ಟಿದ್ದು ಕೆಂಪು ಸೀರೆ. ಎಲ್ಲಕ್ಕಿಂತ ಕೆಂಪಗಿರೋದೇ ಅಕ್ಕ!" ಕೆಂಚ ಕೈ ಹಾಕಿದ. ಕಚಕ್! ಕಿರುಬೆರಳು ಹೋಯಿತು.

"ಬೆಳಕು ಸರಿ ಇಲ್ಲ," ಅಂದ ಕೆಂಚ.

ಮಾಯಾವಿ ನಗುತ್ತ ತೊಟ್ಟಿಗೆ ಕಪ್ಪು ಮರಳು ಸುರಿದ. ನೋಡನೋಡುತ್ತ ಕೆಲವು ಮೀನುಗಳ ಕೆಂಪು ಇಳಿಯಿತು. ಒಂದು ಕಪ್ಪಾಯಿತು, ಒಂದು ಬೂದುಬಣ್ಣವಾಯಿತು, ಮುದಿ ಮೀನೊಂದರ ಮೈಮೇಲೆ ಚಿನ್ನದ ಚುಕ್ಕೆ ಮಿನುಗಿತು.

"ಹೆಸರೇ ಹೊಂಬಾಳೆ. ಹೊನ್ನಿನ ಚುಕ್ಕೆ ಇರೋದೇ ಅಕ್ಕ!" ಕಚಕ್! ಉಂಗುರದ ಬೆರಳೂ ಹೋಯಿತು.

"ಮುತ್ತಾತ ಏನಂದನೋ ಕೆಂಚಾ?" ಅಂತ ಯಾರೋ ಕೂಗಿದರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಕೆಂಚನ ಕಿವಿ ಬಿಸಿಯಾಯಿತು. ಬೆರಳಿನ ನೋವಿಗಲ್ಲ. ಹೊಳೆದಂಡೆಯಲ್ಲಿ ಬಲೆಯಿಂದ ಮೀನು ಬಿಡಿಸಿ, ದವಡೆ ಒತ್ತಿ ನೋಡಿ, ಮೆಲ್ಲಗೆ ಹೆಸರು ಹೇಳುತ್ತಿದ್ದವಳು ಅಕ್ಕ. ಅದನ್ನೇ ಗಿರಾಕಿಗಳಿಗೆ ಎದೆಯುಬ್ಬಿಸಿ ಕೂಗುತ್ತಿದ್ದವನು ಅವನು. "ಬಾಯಿ ನೋಡಿ ಕಲಿಯೋ," ಅಂತ ಅವಳು ಅಂದಾಗೆಲ್ಲ, "ಬಣ್ಣ ಕಾಣಲ್ವೇನೇ ನಂಗೆ?" ಅಂತ ರೇಗಿದ್ದ. ಇವತ್ತೂ ಬುಟ್ಟಿಯನ್ನು ಅವಳಿಗೇ ಹೊರಿಸಿಕೊಂಡು ಬಂದಿದ್ದ.

ಅವನು ತಲೆ ಎತ್ತಲಿಲ್ಲ. "ಮಾಸ್ವಾಮಿ, ನಂಗೆ ಮೀನು ಗೊತ್ತಿಲ್ಲ. ಒಂದೂ ಗೊತ್ತಿಲ್ಲ. ಗೊತ್ತಿದ್ದಿದ್ದೆಲ್ಲ ಅಕ್ಕಂಗೆ. ನಾನು ಬರೀ ಕೂಗ್ತಿದ್ದೆ."

ಸಭೆಯ ನಗು ನಿಂತಿತು. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಮಂಡಿಯೂರಿ ಗಾಜಿಗೆ ಮುಖ ಒತ್ತಿದ. "ಅಕ್ಕಾ, ಬಾಯಿ ತೆಗಿಯೇ."

ತೊಟ್ಟಿಯ ಅಂಚು ಹಿಡಿದಿದ್ದ ಗಾಯದ ಕೈಯಿಂದ ನೆತ್ತರು ನೀರಿಗೆ ತೊಟ್ಟಿಕ್ಕಿತು. ಆರು ಮೀನುಗಳು ಬಾಯಿ ಕಿಸಿದು ನುಗ್ಗಿದವು. ಆರಕ್ಕೂ ಮುಂದಕ್ಕೆ ಚಾಚಿದ ಕೆಳದವಡೆ, ಗರಗಸದಂಥ ಹಲ್ಲು. ಕೆಂಪು, ಕಪ್ಪು, ಚಿನ್ನ, ಎಲ್ಲ ಒಂದೇ ಜಾತಿ! ಮೂಲೆಯಲ್ಲಿ ಹೆದರಿ ಕೂತಿದ್ದ ಬೂದುಬಣ್ಣದ ಏಳನೆಯದು ಮೆಲ್ಲಗೆ ಬಾಯಿ ತೆರೆಯಿತು. ಒಳಗೆ ಅವಲಕ್ಕಿ ಅಗಿಯುವ ನಮ್ಮಂಥದೇ ಚಪ್ಪಟೆ ಹಲ್ಲು. ಅದರ ಕಡೆ ಕೆಂಚ ಒಮ್ಮೆಯೂ ನೋಡಿರಲಿಲ್ಲ.

ಕೈ ಹಾಕಿದ. ಆರೂ ಮುಂಗೈಗೆ ಕಚ್ಚಿದವು. ಬಿಡದೆ ಅದನ್ನು ಎತ್ತಿಕೊಂಡ.

ಹೊಂಬಾಳೆ ಒದ್ದೆ ಸೀರೆಯಲ್ಲಿ ಎದ್ದು ನಿಂತಳು. ಕರಾಳಾಕ್ಷ ಏಳನೆಯ ಗರಗಸಮೀನಾಗಿ ತೊಟ್ಟಿಗೆ ಬಿದ್ದ. ಅಕ್ಕ ಸೆರಗು ಹರಿದು ತಮ್ಮನ ಕೈಗೆ ಕಟ್ಟಿದಳು. "ಈಗಲಾದ್ರೂ ಬಾಯಿ ನೋಡಿದ್ಯಲ್ಲೋ," ಅಂದಳು, ಅಷ್ಟೇ.

ಮನೆಮನೆಯ ತೊಟ್ಟಿಗಳನ್ನು ಅವಳೇ ನೋಡಿ ಗುರುತು ಹೇಳಿದಳು. ಬುಟ್ಟಿ ಹೊತ್ತವನು ಕೆಂಚ. ಯಾರಾದರೂ, "ಕೆಂಚಣ್ಣ, ಇದ್ಯಾವ ಮೀನು?" ಅಂದರೆ ಕೈಯನ್ನು ಪಂಚೆಯಲ್ಲಿ ಮರೆಮಾಡಿ, "ಅಕ್ಕನ್ನ ಕೇಳಿ," ಅನ್ನುತ್ತಿದ್ದ.

ಹಾಗೆ ಸ್ಫಟಿಕಾವತಿಯ ಜನ ಹತ್ತು ಬೆರಳೂ ನೆಟ್ಟಗಿಟ್ಟುಕೊಂಡು ಸುಖವಾಗಿ ಬಾಳಿದರು. ಕೆಂಚನೂ ಸುಖವಾಗಿಯೇ ಬಾಳಿದ, ಎಂಟು ಬೆರಳಲ್ಲಿ.