ಕಂಡಕ್ಟರ್ ಯಶೋದಾಗೊಂದು ಲೋಟ ಅಂಬಲಿ

"ಇದ್ರಾಗೆ ಗೋಧಿ ಐತಾ?"

ಹೊಸದುರ್ಗ ಬಸ್ ನಿಲ್ದಾಣದ ಅಂಬಲಿ ಗಾಡಿಯ ಮುಂದೆ ನಿಂತು ಯಶೋದಾ ಕೇಳಿದಾಗ ಅಂಬಲಿ ಮಾರುವ ರಂಗೇಶ್ ನಕ್ಕುಬಿಟ್ಟ. ಲೋಟ ಹಿಡಿದು ನಿಂತಿದ್ದವರೂ ನಕ್ಕರು.

"ರಾಗಿ ಅಂಬಲ್ಯಾಗೆ ಗೋಧಿ ಎಲ್ಲಿಂದ ಬರುತ್ತೆ ಮೇಡಂ? ಬರೀ ರಾಗಿ. ಕುಡೀರಿ, ತಂಪಾಗುತ್ತೆ."

ಹಿರಿಯೂರು ಬಸ್ಸಿನ ಕಂಡಕ್ಟರ್ ಯಶೋದಾಗೆ ಈ ನಗು ಹೊಸದಲ್ಲ. ಅವಳಿಗಿದ್ದದ್ದು ಸೀಲಿಯಾಕ್ ಕಾಯಿಲೆ. ಗೋಧಿ ಚೂರು ಒಳಗೆ ಹೋದರೂ ಕರುಳು ಕೆರಳುತ್ತಿತ್ತು. 'ಇದು ಗೋಧಿ ಅಲ್ಲ, ಮೈದಾ' ಎಂದ ಬೇಕರಿಯವನು, 'ಒಂಚೂರು ತಿಂದ್ರೆ ಏನಾಗಲ್ಲ' ಎಂದ ಹೋಟೆಲಿನವನು... ಎಲ್ಲರನ್ನೂ ಕಂಡು ಸಾಕಾಗಿ ಮನೆಯ ಬುತ್ತಿಯನ್ನಷ್ಟೇ ನಂಬಿದ್ದಳು. ಅಂದು ಆ ಬುತ್ತಿ ಬಿಸಿಲಿಗೆ ಹಳಸಿತ್ತು.

ರಂಗೇಶನ ಕಣ್ಣಲ್ಲಿ ಮೋಸ ಕಾಣಲಿಲ್ಲ. ಕುಡಿದಳು.

ಹಿರಿಯೂರು ಹತ್ತಿರವಾಗುವಷ್ಟರಲ್ಲಿ ಹೊಟ್ಟೆ ಹಿಂಡತೊಡಗಿತು. ಕಂಬಿ ಹಿಡಿದು ಬಾಗಿದವಳನ್ನು ಡ್ರೈವರ್ ಶಿವಕುಮಾರಪ್ಪ ಆಸ್ಪತ್ರೆಗೆ ಸೇರಿಸಿದರು. ಮರುದಿನ ರಂಗೇಶನನ್ನು ಹಿಡಿದು ಚೆನ್ನಾಗಿ ಬೈದರು.

ಯಶೋದಾ ಡ್ಯೂಟಿಗೆ ಮರಳಿದ ದಿನ ಅವನು ಬಸ್ಸಿನ ಬಾಗಿಲಲ್ಲೇ ಕಾದಿದ್ದ.

"ಮೇಡಂ, ದೇವರಾಣೆ ನಾನು ಗೋಧಿ ಹಾಕಿಲ್ಲ..."

"ಸುಳ್ಳು ಹೇಳಬ್ಯಾಡ್ರಿ. ನನ್ನ ಸಂಕಟ ನಿಮಗೆ ತಮಾಷೆ. ದಾರಿ ಬಿಡ್ರಿ, ಬಸ್ ಹೊರಡಬೇಕು."

ಅವನ ಬಾಡಿದ ಮುಖ ಕಿಟಕಿಯಾಚೆ ಸರಿದುಹೋಯಿತು. 'ನಾನ್ಯಾಕೆ ನಂಬಿದೆ?' ಅವಳಿಗೆ ಅವನಿಗಿಂತ ತನ್ನ ಮೇಲೇ ಸಿಟ್ಟು.

ಕೆಲವು ದಿನಗಳ ಮೇಲೆ ಅಜ್ಜಿಯೊಬ್ಬರು ಬಸ್ ಹತ್ತಿದರು.

"ಎಲ್ಲಿಗೆ ಅಜ್ಜಿ?"

"ಎಲ್ಲಿಗೂ ಇಲ್ಲ ತಾಯಿ, ನಿನ್ನ ನೋಡಾಕೆ ಬಂದೆ. ನಾನು ಅಂಬಲಿ ರಂಗೇಶನ ಅವ್ವ, ಮುದ್ದಕ್ಕ."

ಯಶೋದಾಳ ಕೈ ಟಿಕೆಟ್ ಮಷೀನಿನ ಮೇಲೆ ಹಾಗೇ ನಿಂತಿತು.

"ಘಮ ಬರ್ಲಿ ಅಂತ ರಾಗಿ ಜೊತೆ ಗೋಧಿನೂ ಹುರಿದು ಬೀಸಿಸ್ತಿದ್ದೆ. ಅವನಿಗೆ ಗೊತ್ತಿರ್ಲಿಲ್ಲ. ಹಿಡಿ ಗೋಧಿಯಿಂದ ಯಾರಿಗೇನಾಗುತ್ತೆ ಅಂದ್ಕಂಡಿದ್ದೆ... ಆವತ್ತಿಂದ ನನ್ನ ಮಗ ನೆಟ್ಟಗೆ ಉಂಡಿಲ್ಲ. ತಪ್ಪು ನಂದು ಮಗಾ."

ಅವನ ಮಾತನ್ನು ಪೂರ್ತಿ ಕೇಳಲೂ ಇಲ್ಲವಲ್ಲ ತಾನು...

ಮುಂದಿನ ಟ್ರಿಪ್ಪಿಗೆ ನೇರ ಗಾಡಿಯ ಬಳಿಗೆ ಹೋದಳು. "ಸುಳ್ಳುಗಾರ ಅಂದ್ಬಿಟ್ಟೆ. ಕ್ಷಮಿಸ್ರಿ."

"ಗೊತ್ತಿಲ್ದೇ ಗೊತ್ತು ಅಂದೆನಲ್ಲ ಮೇಡಂ, ಅದು ನಂದೇ ತಪ್ಪು. ಅವ್ವನ್ನ ಕೇಳಿ ಹೇಳ್ತೀನಿ ಅನ್ನಬೋದಿತ್ತು."

ಅಲ್ಲಿಂದ ಮಾತು ಬೆಳೆಯಿತು. ಗಿರಣಿಯಲ್ಲಿ ಗೋಧಿ ಹಿಟ್ಟು ಬೆರೆಯುತ್ತದೆ ಎಂದು ಅವಳಿಂದ ತಿಳಿದ ಮೇಲೆ ರಂಗೇಶ್ ಮನೆಯ ಬೀಸುಕಲ್ಲನ್ನು ಉಜ್ಜಿ ತೊಳೆದ. ಬರೀ ರಾಗಿ ಬೀಸಿ, ಅವಳಿಗೆಂದೇ ಹೊಸ ಮಡಕೆ ಇಟ್ಟ. ಆದರೂ 'ಕುಡೀರಿ' ಎಂದು ಒಮ್ಮೆಯೂ ಒತ್ತಾಯಿಸಲಿಲ್ಲ. ಪಕ್ಕದ ಬಜ್ಜಿ ಅಂಗಡಿಯವನಿಗೂ ಹೇಳಿಕೊಟ್ಟ: "ಲೇ ಓಬಳೇಶ, ಮೇಡಂ ಕೇಳಿದ್ರೆ ಅಂದಾಜಿನ ಮೇಲೆ ಹೇಳಬ್ಯಾಡ."

ಕೊನೆಗೊಂದು ಮಧ್ಯಾಹ್ನ ಅವಳೇ ಲೋಟ ಚಾಚಿದಳು. ಆ ದಿನ ಹೊಟ್ಟೆ ತಣ್ಣಗಿತ್ತು. ಎದೆ ಮಾತ್ರ ಹಿರಿಯೂರಿನವರೆಗೂ ಹೊಡೆದುಕೊಳ್ಳುತ್ತಲೇ ಇತ್ತು...

ಶ್ರಾವಣದಲ್ಲಿ ಯಶೋದಾಗೆ ಹೊಳಲ್ಕೆರೆಯಿಂದ ಬಂದಿದ್ದ ಸಂಬಂಧವೊಂದು ಮುರಿದುಬಿತ್ತು. ರಂಗೇಶನಿಗೆ ಅದನ್ನು ನಗುತ್ತಲೇ ಹೇಳಿದಳು.

"ನಮ್ಮನೆ ಅಡುಗೆ ಉಣ್ಣದ ಸೊಸೆ ಬ್ಯಾಡ ಅಂದ್ರಂತೆ."

ನಗುತ್ತಿದ್ದವಳ ಕಣ್ಣು ತುಂಬಿದ್ದನ್ನು ಅವನು ಕಂಡ. ಸೌಟು ಕೆಳಗಿಟ್ಟ.

"ನಮ್ಮನೆಗೆ ಬರ್ತೀರಾ?"

"ಊಟಕ್ಕಾ?"

"ಇರಾಕೆ."

ಡ್ರೈವರ್ ಹಾರ್ನ್ ಹೊಡೆದರು. ಅವಳು ಕದಲಲಿಲ್ಲ.

"ಸುಮ್ನೆ ಹೇಳಬ್ಯಾಡ್ರಿ ರಂಗೇಶ್. ನಾನಿದ್ರೆ ಹಬ್ಬಕ್ಕೆ ಹೋಳಿಗೆ ಕೂಡ ಮಾಡಾಕಾಗಲ್ಲ."

"ಅವ್ವಂಗೂ ಹೇಳಿದ್ದೀನಿ, ಒಪ್ಪಿದ್ದಾಳೆ. ನಾನೂ ಹೋಳಿಗೆ ಬಿಡ್ತೀನಿ."

"ಬಿಡಬ್ಯಾಡ್ರಿ," ಯಶೋದಾಳ ದನಿ ಮೆತ್ತಗಾಯಿತು. "ಹೊರಗೆ ತಿಂದು, ಕೈ ಬಾಯಿ ತೊಳ್ಕಂಡು ಬರ್ರಿ."

"ಕೈ ಸರಿ... ಬಾಯಿ ಯಾಕೆ?"

ಅವಳು ಕೆಂಪಾದಳು.

"ಮದುವೆ ಆದ್ಮೇಲೆ ಹೇಳ್ತೀನಿ."