ಅರ್ಧ ಬಟ್ಟಲು ಚಹಾ

ತನ್ನ ಮುಖವೇ ಏನನ್ನೋ ಬೇಡುವ ಹಾಗೆ ಕಾಣುತ್ತದೆಯೇ?

ತಾಜಿಕರ ನಾಡಿನ ವಹದತ್ ಪಟ್ಟಣಕ್ಕೆ ಬಂದ ಮೇಲೆ ಶಕೀಬಾಳನ್ನು ಕಾಡುತ್ತಿದ್ದ ಪುಟ್ಟ ಚಿಂತೆ ಇದು. ನೋಟ್‌ಬುಕ್ಕಿನಲ್ಲಿ ಬರೆದು, ಗೀಚಿ ಹಾಕಿ, ಮತ್ತೆ ಬರೆದಿದ್ದಳು. ರೊಟ್ಟಿ ಕೊಳ್ಳಲು ಹೋದರೂ ಅಂಗಡಿಯಾಕೆ, "ಬಂದ್ಲಪ್ಪ ಇನ್ನೊಬ್ಳು ಅಫ್ಘಾನಿ! ನಮಗೇ ಇಲ್ಲಿ ಗತಿಯಿಲ್ಲ," ಎಂದು ಜೋರಾಗಿಯೇ ಹೇಳುತ್ತಿದ್ದಳು.

ನಿರಾಶ್ರಿತರ ನೆರವು ಕೇಂದ್ರದಲ್ಲೂ ಮೊದಲ ದಿನ ಅದೇ ಕಥೆ.

"ಇದನ್ನ ಓದಿ ಸಹಿ ಹಾಕಿ," ಎಂದ ಕೇಂದ್ರ ನಡೆಸುವ ಬಹ್ರೋಮ್. ತಲೆ ಕೂಡ ಎತ್ತಲಿಲ್ಲ.

ತಾಜಿಕರ ಮಾತು ಅವಳ ಪಾರಸಿ ಮಾತೇ. ಆದರೆ ಬರೆಯುವುದು ಮಾತ್ರ ರಷ್ಯನ್ನರ ಅಕ್ಷರದಲ್ಲಿ! ತನ್ನೂರು ಹೆರಾತಿನಲ್ಲಿ ಸಾಹಿತ್ಯದ ಪದವಿ ಪಡೆದವಳು ಆ ಕಾಗದವನ್ನು ಸುಮ್ಮನೆ ದಿಟ್ಟಿಸಿದಳು.

"ಓದೋಕೆ ಬರಲ್ವಾ?"

ಅವಳು ಕಾಗದವನ್ನು ಮೇಜಿನ ಮೇಲೆ ಹಿಂದಕ್ಕೆ ಸರಿಸಿದಳು.

"ಹಾಗಾದ್ರೆ ಹೋಗಿ, ಮಕ್ಕಳ ತರಗತೀಲಿ ಕೂತ್ಕೊಳ್ಳಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಶಕೀಬಾಳ ಕಿವಿ ಬಿಸಿಯಾದವು.

ಆ ತರಗತಿಯಲ್ಲಿ ಮಕ್ಕಳ ಜೊತೆ ಮುದುಕಿಯರೂ ಕೂರುತ್ತಿದ್ದರು; ಪಾಠ ಹೇಳುವವನೂ ಬಹ್ರೋಮನೇ. ಪಾಠ ಮುಗಿದ ಮೇಲೆ ಅವನೇ ಚಹಾ ಸುರಿದು ಕೊಟ್ಟ. ಬಟ್ಟಲಿನಲ್ಲಿ ಅರ್ಧವೂ ಇರಲಿಲ್ಲ!

ಮರುದಿನವೂ ಅಷ್ಟೇ. ಅದರ ಮರುದಿನ ಇನ್ನೂ ಕಡಿಮೆ. ಹೆರಾತಿನ ಅವಳ ಮನೆಯಲ್ಲಿ ಅತಿಥಿಯ ಲೋಟ ಅಂಚಿನವರೆಗೆ ತುಂಬದಿದ್ದರೆ ಅಮ್ಮ ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದಳು.

ಒಂದು ದಿನ ಕಟ್ಟಡದ ಮಾಲೀಕ ಬಂದು, "ಈ ಜನರನ್ನ ಯಾವಾಗ ಖಾಲಿ ಮಾಡಿಸ್ತೀಯಾ?" ಎಂದು ಅರಚಾಡಿದ. ಬಹ್ರೋಮ್ ಚಹಾದ ಹೂಜಿ ಎತ್ತಿಕೊಂಡ. ಆತನ ಬಟ್ಟಲಿಗೆ ಚಹಾ ತುಳುಕುವಷ್ಟು ಸುರಿದ!

'ಓಹೋ... ಉಳ್ಳವರಿಗೆ ತುಂಬ, ನಮಗೆ ಅಳೆದು ಸುರಿದು!'

ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಹನ್ನೊಂದು ಪುಟ ತುಂಬಿತು. ಅವನ ಗರ್ವ, ಅವನ ಅಂಗಿಯ ಸೀಮೆಸುಣ್ಣದ ಕಲೆ, ಮುದುಕಿಯರ ಕೈ ಹಿಡಿದು ಅಕ್ಷರ ತಿದ್ದಿಸುವಾಗ ಮೆತ್ತಗಾಗುವ ಅವನ ದನಿ... ಬೇಡದವನ ಬಗ್ಗೆ ಇಷ್ಟೊಂದು ಪುಟ ಯಾಕೆ ಎಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಮರುದಿನ ತಾನೇ ಹೂಜಿ ಎತ್ತಿಕೊಂಡಳು. ಅವನ ಬಟ್ಟಲನ್ನು ಅಂಚಿನವರೆಗೆ ತುಂಬಿದಳು. 'ನೋಡಿ ಕಲಿ!'

ಅವನ ಮುಖ ಬಿಳಿಚಿಕೊಂಡಿತು.

"ಸರಿ... ಅರ್ಥ ಆಯ್ತು," ಎಂದ. ನಿಂತೇ ಕುಡಿದು ಹೊರಟುಹೋದ. ಆಮೇಲೆ ಒಂದು ವಾರ ಅವಳತ್ತ ತಿರುಗಿ ನೋಡಲಿಲ್ಲ.

ಆ ಮೌನ ತಡೆಯಲಾಗದೆ ಶಕೀಬಾ ರಾಜಧಾನಿ ದುಶಂಬೆಯಲ್ಲಿದ್ದ ಕೇಂದ್ರದ ಮುಖ್ಯ ಕಚೇರಿಗೆ ಹೆಸರು ಹಾಕದೆ ದೂರು ಬರೆದಳು: 'ಇಲ್ಲಿ ನಿರಾಶ್ರಿತರನ್ನು ಭಿಕ್ಷುಕರಂತೆ ಕಾಣುತ್ತಾರೆ. ಚಹಾ ಕೂಡ ಅಳೆದು ಸುರಿಯುತ್ತಾರೆ.'

ವಿಚಾರಣೆಯ ಬೆಳಿಗ್ಗೆ ಕೇಂದ್ರದ ಅಡುಗೆಮನೆ ನೋಡಿಕೊಳ್ಳುವ ಸಬೋಹತ್ ಚಿಕ್ಕಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಬಹ್ರೋಮ್‌ನ ಇವತ್ತು ಕೆಲಸದಿಂದ ತೆಗೆದುಬಿಡ್ತಾರಂತೆ ಕಣೇ. ಚಹಾ ಅಳೆದು ಕೊಡ್ತಾನಂತೆ!"

"ಕೊಡ್ತಾರಲ್ಲ ಮತ್ತೆ? ನಮಗೆ ಅರ್ಧ, ಆ ಮಾಲೀಕನಿಗೆ ತುಂಬ!"

ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಹುಚ್ಚಿ! ನಮ್ಮಲ್ಲಿ ತುಂಬಿ ಕೊಟ್ರೆ 'ಕುಡ್ದು ಎದ್ದು ಹೋಗು' ಅಂತ! ಕಡಿಮೆ ಹಾಕಿದ್ರೆ 'ಕೂತಿರು, ಮತ್ತೆ ಮತ್ತೆ ಹಾಕ್ತೀನಿ' ಅಂತ ಮರ್ಯಾದೆ. ನಿಂಗೆ ಎಲ್ಲರಿಗಿಂತ ಕಡಿಮೆ ಹಾಕ್ತಿದ್ನಲ್ಲೇ ಅವ್ನು... ನೀನೋ, ಒಂದೇ ಬಟ್ಟಲಿಗೆ ಎದ್ದು ಓಡ್ತಿದ್ದೆ!"

ಅವನಿಗೆ ತಾನೇ ತುಂಬಿಕೊಟ್ಟ ಬಟ್ಟಲು ಶಕೀಬಾಳ ಕಣ್ಣಮುಂದೆ ಬಂತು. 'ಹಾಗಾದರೆ ನಾನು ಅವನಿಗೆ... ತೊಲಗು ಎಂದೆನೇ?'

ಸಭೆಯಲ್ಲಿ ದುಶಂಬೆಯ ಅಧಿಕಾರಿಣಿ ದೂರು ಓದಿಸಿದಳು. ಪಾರಸಿ ಅಕ್ಷರ. ಬಹ್ರೋಮ್ ಕಾಗದವನ್ನು ನೋಡಿದ, ನಂತರ ಶಕೀಬಾಳನ್ನು. ಪಾಠದ ಹಾಳೆಯ ಅಂಚಿನಲ್ಲಿ ಅವಳು ಟಿಪ್ಪಣಿ ಹಾಕುತ್ತಿದ್ದ ಆ ಕೈಬರಹ ಅವನಿಗೆ ಗೊತ್ತಿತ್ತು.

"ಏನಾದ್ರೂ ಹೇಳೋದಿದ್ಯಾ?"

"ಇಲ್ಲ ಮೇಡಂ. ಬರೆದವರಿಗೆ ನೋವಾಗಿದೆ, ಅಷ್ಟು ಸಾಕು. ನಾನೇ ಹೊರಡ್ತೀನಿ."

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಎಲ್ಲರೂ ತಿರುಗಿದರು. ಶಕೀಬಾ ಎದ್ದು ನಿಂತಿದ್ದಳು!

"ಬರೆದವಳು ನಾನು... ಅವರದು ತಪ್ಪಿಲ್ಲ. ಇಲ್ಲಿನ ಪದ್ಧತಿ ನನಗೆ ತಿಳಿದಿರಲಿಲ್ಲ. ಮರ್ಯಾದೆ ಕೊಟ್ಟದ್ದನ್ನ ಅವಮಾನ ಅಂದ್ಕೊಂಡೆ."

"ಒಂದು ಬಟ್ಟಲು ಚಹಾಕ್ಕೆ ನನ್ನನ್ನ ಇಲ್ಲೀತನಕ ಓಡಿಸಿದ್ಯಾ?" ಅಧಿಕಾರಿಣಿ ಸಿಡುಕಿದಳು. ದೂರನ್ನು ನಾಲ್ಕಾಗಿ ಹರಿದು ಚೀಲಕ್ಕೆ ತುರುಕಿದಳು. "ಏಳ್ರೀ ಎಲ್ಲರೂ. ಬಹ್ರೋಮ್, ನೀನೂ ಹೋಗಿ ಪಾಠ ಮಾಡು!"

ಕೋಣೆ ಖಾಲಿಯಾಯಿತು. ಅವನು ಬಾಗಿಲ ಬಳಿಯೇ ನಿಂತಿದ್ದ.

"ನನ್ನದೂ ತಪ್ಪಿದೆ ಶಕೀಬಾ. ಮೊದಲ ದಿನ ಹಾಗೆ ಮಾತಾಡಬಾರದಿತ್ತು."

"ಹೌದು. ಮಾತಾಡಬಾರದಿತ್ತು."

"ಅಬ್ಬಾ... ಇನ್ನೂ ಸಿಟ್ಟಾ?"

"ಇದೆ."

"ಒಂದು ಕೇಳ್ಲಾ? ಬೀದೀಲಿ ದಿನಾ ಎಷ್ಟು ಜನ ಬೈತಾರೆ, ಯಾರ ಮೇಲೂ ದೂರು ಬರೀಲಿಲ್ಲ ನೀವು. ನನ್ನ ಮೇಲೆ ಮಾತ್ರ ಯಾಕೆ?"

ನೋಟ್‌ಬುಕ್ ಮನೆಯಲ್ಲಿತ್ತು. ಗೀಚಿ ಅಳಿಸಲು ಏನೂ ಇರಲಿಲ್ಲ. ಶಕೀಬಾ ತಲೆ ಎತ್ತಿ ನೇರ ಅವನ ಕಣ್ಣು ನೋಡಿದಳು.

"ಅವರು ಬೈದ್ರೆ ಬೈಸಿಕೊಂಡು ಬರ್ತೀನಿ... ನೀವು ನನ್ನನ್ನ ಬೇಡ ಅಂದ್ರೆ ನನಗೆ ತಡೆಯೋಕಾಗಲ್ಲ."