ಬೇರೆಯವಳಿಗೆ ಹೇಳಿದ ಮಾತು

ಅವನ ಫ್ಲಾಸ್ಕಿನ ಮುಚ್ಚಳದಲ್ಲಿ ಇನ್ನೊಬ್ಬಳು ಚಹಾ ಕುಡಿಯುತ್ತಿದ್ದಳು!

ಗಾಯಕಿ ಗೇಟಿನ ಬಳಿಯೇ ನಿಂತುಬಿಟ್ಟಳು. ಮೂರು ವರ್ಷಗಳಿಂದ ಯಾವ ಊರಿನ ಕಾರ್ಯಕ್ರಮವಿರಲಿ, ಬೆಳಗಿನ ಮೈಕ್ ಪರೀಕ್ಷೆ ಮುಗಿದ ಮೇಲೆ ಆ ಮುಚ್ಚಳದ ಚಹಾ ಅವಳದು. ಸೌಂಡಿನವನು ಬಾಯಿಬಿಟ್ಟು ಏನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಆದರೂ ಆ ಮುಚ್ಚಳ ಯಾರದೆಂದು ತಂಡಕ್ಕೆಲ್ಲ ಗೊತ್ತಿತ್ತು.

ಈಗ ಅವನ ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದವಳು ಗಿಣಿ. ಮಿಮಿಕ್ರಿ ಮಾಡಲು ಈ ಸಲ ಹೊಸದಾಗಿ ಸೇರಿದ ಹುಡುಗಿ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಹಾಗೇ ಒಪ್ಪಿಸುತ್ತಾಳೆಂದು ಎಲ್ಲರೂ ಅವಳನ್ನು ಗಿಣಿ ಎಂದೇ ಕರೆಯುತ್ತಿದ್ದರು.

'ನಿನ್ನೆ ಬಂದವಳಿಗೆ ಇಷ್ಟು ಸಲಿಗೆಯಾ…'

ಸೌಂಡಿನವನು ತಲೆಯೆತ್ತಿ ಗಾಯಕಿಯನ್ನು ನೋಡಿದ. ಏನನ್ನೋ ಕೇಳಬೇಕೆಂಬಂತೆ, ಕೇಳಲು ಹೆದರಿದಂತೆ ನೋಡಿದ. ಅವಳು ಮುಖ ತಿರುಗಿಸಿಕೊಂಡು ಹೋದಳು. ಇನ್ನೊಂದು ನಿಮಿಷ ನಿಂತಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಹೊಟ್ಟೆಕಿಚ್ಚಿಗೆ ಒಂದು ನಿಮಿಷದ ತಾಳ್ಮೆ ಎಲ್ಲಿದೆ?

ಅದು ಹಳ್ಳಿಯ ಹೆಂಗಸರ ವಾರಾಂತ್ಯದ ಉತ್ಸವ. ಊರಾಚೆಯ ಬಯಲಿಗೆ ಬೇಲಿ ಕಟ್ಟಿದ್ದರು. ಒಳಗೆ ಶನಿವಾರ, ಭಾನುವಾರ ಎರಡು ದಿನ ಹೆಂಗಸರದೇ ರಾಜ್ಯ. ಗಂಡಸರು ಗೇಟು ದಾಟುವಂತಿಲ್ಲ. ಹಾಗಾಗಿ ಸೌಂಡಿನವನು ವ್ಯಾನನ್ನು ಬೇಲಿಯಾಚೆ ನಿಲ್ಲಿಸಿ, ಉದ್ದ ವೈರು ಎಳೆದು, ಅಲ್ಲಿಂದಲೇ ಕೆಲಸ ಮಾಡಬೇಕಿತ್ತು. ವೇದಿಕೆ ಅವನಿಗೆ ಕಾಣುತ್ತಿರಲಿಲ್ಲ. ವೇದಿಕೆಯವರ ಮಾತು ಹೆಡ್‌ಫೋನಿನಲ್ಲಿ ಕೇಳುತ್ತಿತ್ತು. ಅವನ ಮಾತು ಹಾಡುವವರ ಕಾಲ ಬಳಿಯ ಚಿಕ್ಕ ಸ್ಪೀಕರಿನಿಂದ ಬರುತ್ತಿತ್ತು.

ಉತ್ಸವ ಮುಗಿದರೆ ಅವನು ನಾಟಕ ಕಂಪನಿಯ ಕೆಲಸಕ್ಕೆ ಹೋಗುವವನು. ಭಾನುವಾರ ಸಂಜೆ ವ್ಯಾನು ಹೊರಟರೆ ಮತ್ತೆ ಆರು ತಿಂಗಳು ಮುಖ ಕಾಣುವುದಿಲ್ಲ. ಈ ಸಲವಾದರೂ ಬಾಯಿ ಬಿಡುತ್ತಾನೆಂದು ಅವಳು ಕಾದಿದ್ದಳು.

ಮಧ್ಯಾಹ್ನ ಹಾಡಲು ನಿಂತಾಗ ತನ್ನ ದನಿ ತನಗೇ ಕೇಳಿಸಲಿಲ್ಲ. ಸ್ವಲ್ಪ ಜಾಸ್ತಿ ಮಾಡಿ ಎಂದು ಮೈಕಿನಲ್ಲಿ ಕೇಳಿದಳು.

"ಆಯ್ತು ಮೇಡಂ."

ಮೇಡಂ! ಮೂರು ವರ್ಷಗಳಲ್ಲಿ ಒಮ್ಮೆಯೂ ಬಾರದ ಮೇಡಂ…

ಸಂಜೆಯೊಳಗೆ ಗಿಣಿ ಮೂರು ಸಲ ಗೇಟು ದಾಟಿ ವ್ಯಾನಿನ ಬಳಿ ಹೋಗಿ ಬಂದಳು. ಗಾಯಕಿ ಮೂರೂ ಸಲ ಎಣಿಸಿದಳು. ಒಂದು ಸಲವಂತೂ ಹೋದವಳು ಮರಳಿ ಬರುವಷ್ಟರಲ್ಲಿ ಗಾಯಕಿ ತನ್ನ ಜಡೆಯನ್ನು ಎರಡು ಬಾರಿ ಬಿಚ್ಚಿ ಹೆಣೆದಿದ್ದಳು.

ಭಾನುವಾರ ಅವಳು ವಿರಹದ ಹಾಡನ್ನು ಜಗಳದಂತೆ ಹಾಡಿದಳು. ಮುಂದಿನ ಸಾಲಿನ ಅಜ್ಜಿಯರು ಶಿಳ್ಳೆ ಹೊಡೆದರು. ಕೀಬೋರ್ಡ್ ನುಡಿಸುತ್ತಿದ್ದ ಅವಳ ಚಿಕ್ಕಮ್ಮ ಪಕ್ಕಕ್ಕೆ ಬಾಗಿದಳು.

"ಹೊಟ್ಟೆ ಉರಿದ್ರೆ ನಿನಗೆ ಮೇಲಿನ ಸ್ವರ ಚೆನ್ನಾಗಿ ಬರುತ್ತೆ ಕಣೇ. ಹೀಗೇ ಇರು."

ಕೊನೆಯ ಆಟವೂ ಮುಗಿಯಿತು. ಬಯಲಿನಲ್ಲಿ ಕುರ್ಚಿ ಮಡಚುವ ಸದ್ದು. ಬಟ್ಟೆ ಬದಲಿಸುವ ಕೋಣೆಯಲ್ಲಿ ಗಿಣಿ ಒಬ್ಬಳೇ ಮುಖದ ಬಣ್ಣ ಒರೆಸುತ್ತಿದ್ದಳು. ಗಾಯಕಿ ಬಾಗಿಲು ಹಾಕಿ ಸುತ್ತಿ ಬಳಸದೆ ಕೇಳಿದಳು.

"ಅವರಿಗೂ ನಿನಗೂ ಏನು?"

ಗಿಣಿಯ ಕಣ್ಣು ತುಂಬಿತು.

"ಅಕ್ಕಾ, ನಿಮಗೆ ಬರಬೇಕಾದ ಮಾತನ್ನ ನಾನು ಕೇಳಿಸ್ಕೊಂಡ್ಬಿಟ್ಟೆ."

ಶನಿವಾರ ಬೆಳಿಗ್ಗೆ ಗಾಯಕಿ ಗಂಟಲಿಗೆ ಬಿಸಿನೀರಿನ ಹಬೆ ತೆಗೆದುಕೊಳ್ಳುತ್ತಿದ್ದಾಗ, ಅವಳ ಮೈಕನ್ನು ನೀನೇ ನೋಡಿಬಿಡು ಎಂದು ಚಿಕ್ಕಮ್ಮ ಗಿಣಿಯನ್ನು ಕಳಿಸಿದ್ದಳು. ಗಿಣಿ ತಮಾಷೆಗೆಂದು ಗಾಯಕಿಯ ದನಿಯಲ್ಲೇ ಹಲೋ ಎಂದಳು. ಕಾಲ ಬಳಿಯ ಸ್ಪೀಕರಿನಿಂದ ಅವನು ಮದುವೆಯ ಮಾತೆತ್ತಿದ! ಗಿಣಿ ಮೈಕು ಬಿಟ್ಟು ಓಡಿದಳು. ನಿಜ ಹೇಳಲೆಂದೇ ಅವನ ಬಳಿ ಮತ್ತೆ ಮತ್ತೆ ಹೋದಳು. ಅವನು ಚಹಾ ಕೊಟ್ಟ. ಆ ಬಾಡಿದ ಮುಖ ನೋಡಿ ಅವಳಿಗೆ ನಾಲಿಗೆಯೇ ಹೊರಳಲಿಲ್ಲ.

"ಎಲ್ಲರ ದನೀನೂ ಬರುತ್ತೆ ಅಕ್ಕಾ. ಆ ಹೊತ್ತಿಗೆ ನನ್ನ ದನಿಯೇ ಬರ್ಲಿಲ್ಲ."

ಗಾಯಕಿಗೆ ಹಾಯೆನಿಸಬೇಕಿತ್ತು. ಅನಿಸಿತು ಕೂಡ, ಅರೆಗಳಿಗೆ. ಅದರ ಹಿಂದೆಯೇ ಇನ್ನೊಂದು ಉರಿ ಎದ್ದಿತು. ಮೂರು ವರ್ಷ ಕಾದ ಮಾತು, ಬಿದ್ದದ್ದು ಇನ್ನೊಬ್ಬಳ ಕಿವಿಗೆ! ಅವನಿಗೆ ಗೊತ್ತೇ ಆಗಲಿಲ್ಲವೇ?

ಅವಳು ಓಡಿದಳು. ಅವನು ವ್ಯಾನಿನ ಹಿಂದೆ ವೈರನ್ನು ಮೊಣಕೈಗೆ ಸುತ್ತುತ್ತಿದ್ದ.

"ಶನಿವಾರ ಮೈಕಿನ ಹತ್ರ ಇದ್ದಿದ್ದು ನಾನಲ್ಲ. ಗಿಣಿ."

ವೈರು ಅವನ ಕೈಯಿಂದ ಜಾರಿತು.

"ಅಂದ್ರೆ… ಉತ್ತರ ಕೊಡದೆ ಹೋಗಿದ್ದು ನೀವಲ್ವಾ? ನೀವು ಬೇಡ ಅಂದಿಲ್ಲ?"

"ನಾನು ಕೇಳಿಸ್ಕೊಂಡೇ ಇಲ್ಲ. ಮೂರು ವರ್ಷ ನನ್ನ ದನಿ ಕೇಳಿದೋರಿಗೆ ಅಷ್ಟೂ ಗೊತ್ತಾಗ್ಲಿಲ್ವಾ?"

ಅವನು ತಲೆ ತಗ್ಗಿಸಿದ.

"ಬೇರೆ ಯಾರದಾದ್ರೂ ಗಂಟಲು ಒಂಚೂರು ಕಟ್ಟಿದ್ರೂ ಗೊತ್ತಾಗುತ್ತೆ ನಂಗೆ. ನೀವು ಹಲೋ ಅಂದ್ರೆ ಮಾತ್ರ ಕಿವಿ ಕೆಲಸಾನೇ ಮಾಡಲ್ಲ. ನನ್ನ ಎದೆ ಹೊಡ್ಕೊಳ್ಳೋದೇ ಕೇಳುತ್ತೆ."

"ಅವಳು ಹಲೋ ಅಂದ್ರೂ ಹೊಡ್ಕೊಳ್ಳುತ್ತಲ್ಲ!"

"ನೀವೇ ಅಂತ ಅಂದ್ಕೊಂಡಿದ್ದಕ್ಕೆ ಹೊಡ್ಕೊಂಡಿದ್ದು."

ನಗು ಬಂದರೂ ಅವಳು ನಗಲಿಲ್ಲ. ಇನ್ನೂ ಲೆಕ್ಕ ತೀರಿರಲಿಲ್ಲ.

"ಏನೇನು ಹೇಳಿದ್ರಿ ಅವಳಿಗೆ? ಎಲ್ಲಾ ನಂಗೆ ಹೇಳಿ. ಒಂದು ಮಾತೂ ಅವಳ ಹತ್ರ ಉಳೀಬಾರ್ದು."

ಅವನು ಮೆಲ್ಲಗೆ ಒಪ್ಪಿಸಿದ.

"ಇಷ್ಟು ದಿನ ನಿಮ್ಮ ಹಾಡು ಮುಗಿದ ಕೂಡ್ಲೇ ವೈರು ಸುತ್ಕೊಂಡು ಹೊರಡ್ತಿದ್ದೆ. ಈ ಸಲ ಒಬ್ಬನೇ ಹೊರಡೋಕೆ ಮನಸ್ಸಿಲ್ಲ. ನನ್ನ ಮದುವೆ ಆಗ್ತೀರಾ… ಅಂದಿದ್ದೆ."

ಅವಳ ಕಣ್ಣಿಂದ ನೀರು ಇಳಿಯಿತು. ಆದರೂ ಪಟ್ಟು ಬಿಡಲಿಲ್ಲ.

"ಅದೆಲ್ಲಾ ಅವಳು ಕೇಳಿ ಆಯ್ತು. ಅವಳಿಗೆ ಹೇಳದೇ ಇರೋದು ಒಂದು ಹೇಳಿ. ಆಮೇಲೆ ಉತ್ತರ."

ಅವನು ಹತ್ತಿರ ಬಂದ. ಅವಳ ಕೆನ್ನೆಯ ನೀರನ್ನು ಹೆಬ್ಬೆರಳಿಂದ ಒರೆಸಿದ.

"ಅವಳಿಗೆ 'ನೀವು' ಅಂದಿದ್ದೆ," ಎಂದ. "ನಿನ್ನ ಬಿಟ್ಟು ಇರೋಕಾಗಲ್ಲ ಕಣೇ."

ಅವಳು ಅವನ ಅಂಗಿಯಲ್ಲಿ ಮುಖ ಹುದುಗಿಸಿದಳು.

"ಹೂಂ… ಆಗ್ತೀನಿ. ಇನ್ಮೇಲೆ ಏನಿದ್ರೂ ನನ್ನ ಮುಖ ನೋಡ್ಕೊಂಡೇ ಹೇಳ್ಬೇಕು ನೀನು."